ನಲವತ್ತೊಂದನೆಯ ಚಿತ್ರ

ತಾರ್ತುವಿನಲ್ಲಿ ಜನವರಿ. ನಾಲ್ಕಕ್ಕೇ ಕತ್ತಲು.
ಮಾಯ್ಮು ಕೂಸಿಕ್, ಎಂಬತ್ತೆರಡು, ಯೀಸ್ಟ್ ಕಾರ್ಖಾನೆಯಲ್ಲಿ ದುಡಿದವಳು,
ಓಲೆ ಬಿಚ್ಚಿ ನನ್ನ ಅಂಗೈಗೆ ಹಾಕಿದಳು.
ಉಂಗುರ ಬರಲಿಲ್ಲ. ಸೋಪು ಹಚ್ಚಿದೆ.
ಆಮೇಲೆ ಸ್ಕ್ಯಾನರಿನ ಬಿಳಿ ಬಾಯೊಳಕ್ಕೆ
ಮೆಲ್ಲಗೆ ತಳ್ಳಿದೆ.

ಆಟ ಇಷ್ಟು: ಐದು ಯೂರೋ ನಿಮ್ಮದು.
ತೆರೆಯ ಮೇಲೆ ಒಂದೊಂದೇ ತಿನಿಸು ಬರುತ್ತದೆ,
ಎಷ್ಟು ಕೊಡುತ್ತೀರಿ? ಗುಂಡಿ ಒತ್ತಿ.
ಕೊನೆಗೆ ಒಂದು ಚೀಟಿ ಎತ್ತುತ್ತೇವೆ, ಯಂತ್ರವೂ ಒಂದು ಬೆಲೆ ಹೇಳುತ್ತದೆ,
ನಿಮ್ಮದು ಮೇಲಿದ್ದರೆ ಯಂತ್ರದ ಬೆಲೆಗೇ ತಿನಿಸು ನಿಮಗೆ.
ಸುಳ್ಳು ಕೂಗಿ ಲಾಭವಿಲ್ಲ.

ಮಾರ್ಜಿಪಾನಿನ ಹಂದಿಮರಿಗೆ ಇಪ್ಪತ್ತು ಸೆಂಟು.
ಕಪ್ಪು ರೊಟ್ಟಿಗೆ ಎರಡು ಯೂರೋ.
ಹೊಗೆ ಹಾಕಿದ ಈಲ್ ಮೀನಿಗೆ ಒಂದೂವರೆ.
'ನಮ್ಮ ಸರೋವರದ್ದಾ?' ಎಂದು ಒಳಗಿಂದ ದನಿ.
ಮಾತಾಡಬೇಡಿ ಅಮ್ಮ, ತಲೆ ಅಲುಗುತ್ತದೆ.
ಚಾಕೊಲೇಟಿಗೆ ಸೊನ್ನೆ. ಇನ್ನೊಂದು ಚಾಕೊಲೇಟಿಗೂ ಸೊನ್ನೆ.

ಗಾಜಿನ ಈಚೆ ನಾನು, ತಣ್ಣಗಾದ ಕಾಫಿ.
ಹುಬ್ಬಿನ ಮೇಲೆ, ಹಣೆಯೆಲುಬಿನ ಹಿಂದೆ
ಮೀನೂ ರೊಟ್ಟಿಯೂ ಒಂದೇ ತಕ್ಕಡಿಗೆ ಬಂದು ಕೂರುವ ಜಾಗ.
ತೂಗಿ ಮುಗಿದಿರುತ್ತದೆ, ನಮಗೆ ತಿಳಿಯುವುದು ತಡ.
ನೆತ್ತರು ನಿಧಾನದ ಅಂಚೆಯಾಳು,
ಐದಾರು ಸೆಕೆಂಡಿನ ಹಳೆಯ ಸುದ್ದಿ ತರುತ್ತದೆ.
ಹಣೆಬರಹ ಅನ್ನುತ್ತಾರಲ್ಲ,
ಬರೆಯುವವನು ಒಳಗಡೆ ಕೂತಿದ್ದಾನೆ,
ಸ್ಲೇಟು ಬಳಪ ಹಿಡಿದು, ಒರೆಸುತ್ತ, ಮತ್ತೆ ಬರೆಯುತ್ತ.

ನಲವತ್ತೊಂದು: ಸಕ್ಕರೆಯ ಒಂದು ಚೌಕ ತುಂಡು.
ಯಾರೂ ಏನೂ ಕೊಡದಿರಲಿ ಎಂದೇ ಪಟ್ಟಿಗೆ ಸೇರಿಸಿದ್ದು.
ಮಾಯ್ಮು ಕೊಟ್ಟಳು ಐದು.
ಐದಾದ ಮೇಲೂ ಒತ್ತುತ್ತಲೇ ಇದ್ದಳು
ಆರಿದ್ದರೆ ಆರು, ಏಳಿದ್ದರೆ ಏಳು.

'ಬೆರಳು ಸಿಕ್ಕಿಕೊಂಡಿರಬೇಕು, ಇದನ್ನು ಬಿಟ್ಟುಬಿಡೋಣ'
ಅಂದ ಲೆಕ್ಕದ ಹುಡುಗ ತೀತ್.
ಅಂಚೆಯಾಳು ಅಷ್ಟರಲ್ಲಿ ಬಂದ. ತೀತ್ ಸುಮ್ಮನಾದ.

ಚೀಟಿಯಲ್ಲಿ ಬಂದದ್ದು ಈಲ್. ತೊಂಬತ್ತು ಸೆಂಟಿಗೆ ಸಿಕ್ಕಿತು.
ಬೆಕ್ಕಿಗಾಯಿತು ಅಂದಳು.
ಕೋಟು ತೊಡುವಾಗ ಕಂಡಿತು
ಕಾಫಿ ಯಂತ್ರದ ಪಕ್ಕ ಬಟ್ಟಲು ತುಂಬ ಸಕ್ಕರೆ.
ತಗೊಳ್ಳಿ, ಎಷ್ಟು ಬೇಕಾದರೂ, ಪುಕ್ಕಟೆ.
ಒಂದು ತೆಗೆದಳು. ಕರವಸ್ತ್ರದಲ್ಲಿ ಗಂಟು ಹಾಕಿದಳು.
ಉಳಿದ ನಾಲ್ಕು ಯೂರೋ ಹತ್ತು ಸೆಂಟು
ಬಟ್ಟಲಿನ ಪಕ್ಕ ಎಣಿಸಿ ಇಟ್ಟಳು.

'ಸೈಬೀರಿಯಾದ ರೈಲಿನಲ್ಲಿ ಏಳು ಜನ ನೆಕ್ಕಿದೆವು, ಒಂದೇ ತುಂಡು.
ನಾನು ಚಿಕ್ಕವಳು, ಕೊನೆಯ ಸರದಿ.
ಬಟ್ಟೆಯಷ್ಟೇ ಉಳಿದಿತ್ತು. ಬಟ್ಟೆ ನೆಕ್ಕಿದೆ.'

ಮನೆಗೆ ಹೋಗಿ ತಿನ್ನುತ್ತೀರಾ?

'ಹುಚ್ಚಿ, ನನಗೆ ಸಕ್ಕರೆ ಕಾಯಿಲೆ.'

ಬಸ್ಸು ಬಂತು. ಈಲ್ ಮೀನಿನ ಪೊಟ್ಟಣ ಬಗಲಲ್ಲಿ, ಗಂಟು ಮುಷ್ಟಿಯಲ್ಲಿ.

ರಾತ್ರಿ ಕಡತ ಮುಚ್ಚುವ ಮುನ್ನ ಹೊಸ ಕಾಫಿ ಸುರಿದೆ.
ದಿನವೂ ಎರಡು ತುಂಡು ಹಾಕುವವಳು
ಬಟ್ಟಲ ಮೇಲೆ ಕೈ ಹಿಡಿದು ನಿಂತೆ.
ಎಷ್ಟು, ಅಂತ ಕೇಳಿದರು
ಹಣೆಯ ಹಿಂದಿನಿಂದ ಯಾರೋ.