ನಾಕು ರೂಪಾಯಿ ಚಿಲ್ಲರ

ಅಕ್ಷರಕ್ಕ ಹನ್ನೆರಡು ರೂಪಾಯಿ.
ಒತ್ತು ಬಂದ್ರೂ ಅಷ್ಟೇ, ಹೆಚ್ಚಿಗಿ ಕೇಳಂಗಿಲ್ಲ.
ಅಂಕಿ ಪುಕ್ಕಟ.
ಹುಟ್ಟಿದ ತಾರೀಖಿಗಿ, ಹೋದ ತಾರೀಖಿಗಿ
ರೊಕ್ಕ ಹಿಡಿಬಾರದಂತ ನಮ್ಮಪ್ಪ ಭೀಮಶಾನ ರಿವಾಜು.

ಶಹಾಬಾದಿನ ಕಲ್ಲು. ಖಣಿಯಾಗಿಂದ
ಒಂದೇ ಟ್ರಾಕ್ಟರಿನಾಗ ಬರ್ತಾವ,
ಕೆಲವು ಪಡಸಾಲಿಗಿ, ಕೆಲವು ಗೋರಿಗಿ.
ಇಳಿಸೋ ಹಮಾಲಗ ಫರಕು ಗೊತ್ತಾಗಂಗಿಲ್ಲ.

ಅಪ್ಪ ಉರ್ದು ಓದಿದವ ಅಲ್ಲ.
ಖಾಜಾಬೀ ಕೊಟ್ಟ ಚೀಟಿ ನೋಡಿ
ಇರುವಿ ಸಾಲು ಹೊಂಟಂಗ
ಬಲದಿಂದ ಎಡಕ್ಕ ಜನ್ನತ್ ಕೆತ್ತಿದ.
ಲಿಂಗೈಕ್ಯ ಕೆತ್ತಿದ, ವೈಕುಂಠವಾಸಿ ಕೆತ್ತಿದ,
ಕ್ರಿಸ್ತನಲ್ಲಿ ನಿದ್ರಿಸಿದವರು ಅಂತ ಕೆತ್ತಿದ.
ಇವೆಲ್ಲ ಖರೇನಾ ಅಪ್ಪಾ, ಕೇಳಿದ್ದೆ, ಸಣ್ಣಾಕಿ ಇದ್ದಾಗ.
ಕಾಗುಣಿತ ತಪ್ಪಬಾರದು, ಅಂದ.
ಖರೇ ಸುಳ್ಳು ನಮ್ಮ ಖಾತೆ ಅಲ್ಲ.
ಕೆಮ್ಮಿದ. ಬೆಳ್ಳನ್ನ ಕೆಮ್ಮು. ಧೂಳಿನದು.

ತಪ್ಪಿದ ಕಲ್ಲು ಮನಿಗಿ ಬರ್ತಿದ್ದವು.
ನಮ್ಮ ಅಡಗಿ ಮನಿ ನೆಲ ಪೂರಾ ಅವೇ,
ಬೋರಲು ಹಾಕಿದವು:
ದೀರ್ಘ ಬಿಟ್ಟ ಶಾಂತಾಬಾಯಿ, ಒತ್ತು ತಪ್ಪಿದ ಸಿದ್ದಪ್ಪ,
ಸ್ವರ್ಗಕ್ಕ ಅರ್ಕಾವತ್ತು ಮರೆತ ಯಾರೋ ಪಾಟೀಲರು.
ಅವರ ಬೆನ್ನ ಮ್ಯಾಲ ಕುಂತು
ರೊಟ್ಟಿ ತಿಂದು ಬೆಳದೀನಿ.

ಹ್ವಾದ ವರ್ಷ ವಾಡಿಯಿಂದ ಚನ್ನೀರವ್ವ ಬಂದಳು.
ಆರು ವರ್ಷದ ಮಗ. ಜ್ವರ.
ಅಲ್ಲಿ ಚಂದ ಇರ್ತಾನಂತ ಎಲ್ಲಾರೂ ಹೇಳ್ತಾರ ಅಕ್ಕಾ,
ಇಲ್ಲೇನು ಕಮ್ಮಿ ಮಾಡಿದ್ದೆ ನಾ?
ಸ್ವರ್ಗ ಗಿರ್ಗ ಬ್ಯಾಡ.
ಅವನ ಬೂಟಿನ ನಂಬರ್ ಬರಿ.
ಹನ್ನೊಂದು ಅಂತ ಕೆತ್ತಿದೆ. ಅಂಕಿ. ಪುಕ್ಕಟ.
ಆಕಿ ಬೆರಳಿಟ್ಟು ನೋಡಿದಳು,
ಒಳಗ ಕಾಲು ಹಿಡಿಸ್ತದೇನೋ ಅನ್ನಂಗ.

ಎಸ್ತೇರಮ್ಮ ಟೀಚರ್ ಬ್ಯಾರೆ ನಮೂನಿ ಗಿರಾಕಿ.
ತನ್ನ ಕಲ್ಲು ತಾನೇ ಆರಿಸಿದಳು,
ಗಡಗಿ ಕೊಳ್ಳೋರಂಗ ಬಾರಿಸಿ ನೋಡಿ.
ಹೆಸರು ಕೆತ್ತಿಸಿ ರೊಕ್ಕ ಕೊಟ್ಟು ಹೋದಾಕಿ
ತಿಂಗಳಿಗಿ ತಿರುಗಿ ಬಂದಳು:
ಇನ್ನೊಂದು ಸಾಲು ಸೇರಿಸವ್ವ.
ಮುಂಜಾನೆ ಭೇಟಿಯಾಗೋಣ.
ಬೆರಳ ಮ್ಯಾಲ ಎಣಿಸಿದೆ. ಎಂಟು. ತೊಂಬತ್ತಾರು.
ನೂರರ ನೋಟು ಚಾಚಿದಳು. ನನ್ನತ್ರ ಚಿಲ್ಲರ ಇಲ್ಲ.
ಇರಲಿ ಬಿಡು, ಅಲ್ಲಿ ಕೊಡುವಂತಿ.
ಅಂಥಾ ಜಾಗಾ ಇಲ್ಲಂತ ನನ್ನ ಲೆಕ್ಕ ಟೀಚರ್, ಅಂದೆ.
ಹಂಗಾದ್ರ ನನ್ನ ನಾಕು ರೂಪಾಯಿ ಮುಳುಗಿತೇನು?
ನಕ್ಕಳು. ಕಟ್ಟಿಸಿದ ಹಲ್ಲು, ಹೊಸಾವು.
ಕಲ್ಲು ಆರಿಸಿ ಇಟ್ಟಾಕಿ
ಎಂಬತ್ತೊಂದಕ್ಕ ಹಲ್ಲು ಯಾಕ ಕಟ್ಟಿಸ್ತಾಳ?
ಎಷ್ಟು ಯೋಚಿಸಿದ್ರೂ ನಂಗ ಹೊಳಿಲಿಲ್ಲ.

ಎರಡು ವರ್ಷ ಆ ಕಲ್ಲು ನಮ್ಮ ಗ್ವಾಡಿಗಿ ಆತು ನಿಂತಿತ್ತು,
ಕಡೀ ತಾರೀಖು ಖಾಲಿ.
ರವಿವಾರ ಚರ್ಚ್ ಮುಗಿಸಿ ಬರ್ತಿದ್ದಳು,
ಸೆರಗಿಲೆ ಅದರ ಧೂಳು ಒರೆಸಿ,
ನಮ್ಮ ಹುಡುಗಿ ಬಾಯಿಲೆ ಮಗ್ಗಿ ಕೇಳಿ ಹೋಗ್ತಿದ್ದಳು.
ಹದಿನೇಳರ ಮಗ್ಗಿ ಅರ್ಧಕ್ಕ ಇದ್ದಾಗ ತೀರಿಕೊಂಡಳು.

ಅಂಕಿ ಕೆತ್ತಿದೆ.

ಡಬ್ಬಿಯಾಗ ಎರಡು ಎರಡರ ನಾಣ್ಯ ಇಟ್ಟೀನಿ.
ಹುಡುಗಿ ಒಮ್ಮೆ ಪೆಪ್ಪರಮೆಂಟಿಗಿ ಒಯ್ದಳು,
ಬೈದೆ, ಮತ್ತ ಹಾಕಿಟ್ಟೆ.
ನಂಬಿಕಿ ಬಂದದಂತಲ್ಲ. ಸಾಲ ಅದ.
ಸಾಲ ಇದ್ದಾಕಿ
ಆ ಓಣಿನೇ ಇಲ್ಲಂತ ಹ್ಯಾಂಗ ಹೇಳ್ತಾಳ?

ಅಪ್ಪನ ಕಲ್ಲು ಇನ್ನಾ ಮುಗಿದಿಲ್ಲ.
ಹೆಸರು ಅದ, ತಾರೀಖು ಅದಾವ,
ಕೆಳಗ ಒಂದು ಗೇಣು ಜಾಗಾ.
ಚಾಣ ಹಿಡಿದು ಕುಂದರ್ತೀನಿ, ಎದ್ದು ಹೋಗ್ತೀನಿ.

ರಾತ್ರಿ ಭಾಂಡಿ ತಿಕ್ಕುವಾಗ
ಅಂಗಾಲಿಗಿ ನೆಲ ತಣ್ಣಗ ಹತ್ತಲತ್ತದ.
ಪಡಸಾಲಿಯಾಗ ಹುಡುಗಿ
ಉಳಿದ ಮಗ್ಗಿ ತಾನೇ ಒಪ್ಪಿಸಲತ್ತಾಳ, ಯಾರಿಗೋ.
ಹದಿನೇಳ ಎಂಟ್ಲೆ ನೂರಾ ಮೂವತ್ತು...
ನಿಂತಳು.
ಆರು, ಅಂದೆ ಒಳಗಿಂದ.