ಹನ್ನೊಂದನೇ ಬಾವಿ

ತಿಂಗಳ ಮೊದಲ ಗುರುವಾರ, ಬಿಸಿಲು ಏರುವ ಮೊದಲು
ಕಬ್ಬಿಣದ ಮುಚ್ಚಳ ತೆಗೆದು ಟೇಪು ಇಳಿಬಿಡುತ್ತೇನೆ.
ತುದಿಯಲ್ಲಿ ಹಿತ್ತಾಳೆಯದೊಂದು ಪುಟ್ಟ ಬಟ್ಟಲು, ಬೋರಲು.
ಮೂವತ್ತು ಮೀಟರು. ಮೂವತ್ತೊಂದು.
ಕೊಳವೆಯ ಬಾಯಿಗೆ ಕಿವಿಯಿಟ್ಟು
ಉಸಿರು ಹಿಡಿದು ಕೂತರೆ
ಟಪ್.
ಇಷ್ಟೇ ನನ್ನ ಉದ್ಯೋಗ.
ಸಂಬಳ ಕೇಳಬೇಡಿ.

ನಾಮಿಬಿಯಾದ ಈ ಅಂಚಿನಲ್ಲಿ
ನಮ್ಮ ನದಿಗೆ ನೊಸ್ಸೊಬ್ ಎಂದು ಹೆಸರು.
ಅದರಲ್ಲಿ ನೀರು ಕಂಡವರು ಊರಲ್ಲಿ ನಾಲ್ಕೇ ಜನ.
ಮಿಕ್ಕವರಿಗೆ ಅದು ಲಾರಿ ಹೂತುಕೊಳ್ಳುವ ಮರಳು.
ನದಿ ನಡೆಯುವುದು ಕೆಳಗೆ,
ಕತ್ತಲಲ್ಲಿ, ವರ್ಷಕ್ಕೆ ನಾಲ್ಕಾರು ಮಾರು,
ಮೂಡಣದ ಬೇಲಿಯತ್ತ.

ಬೇಲಿಯಾಚೆ ಬೋಟ್ಸ್ವಾನಾ.
ಅಲ್ಲಿ ಓಂಕಬೆತ್ಸೆ ಎಂಬವನು ಇದೇ ಗುರುವಾರ
ಇಂಥದೇ ಟೇಪು ಇಳಿಬಿಡುತ್ತಾನೆ.
ಇಲ್ಲಿ ಸಿಹಿಯಾಗಿ ಹೊರಟದ್ದು
ದಾರಿಯುದ್ದ ಕಲ್ಲು ನೆಕ್ಕುತ್ತ ಹೋಗಿ
ಅವನಲ್ಲಿಗೆ ಮುಟ್ಟುವಾಗ
ದನ ಮೂಸಿ ತಲೆ ತಿರುಗಿಸುವಷ್ಟು ಉಪ್ಪು.

ಕಳ್ಳ ಯಾರೆಂದು ಇಬ್ಬರಿಗೂ ಗೊತ್ತು:
ಪರದೇಶಿ ಜಾಲಿ.
ಯಾವ ಕಾಲಕ್ಕೋ ಯಾರೋ ನೆರಳಿಗೆಂದು ತಂದದ್ದು.
ಪಾಸ್‌ಪೋರ್ಟಿಲ್ಲ, ಸೀಲಿಲ್ಲ;
ಕಾಯಿ ಮೆದ್ದ ಮೇಕೆಯ ಹೊಟ್ಟೆಯಲ್ಲಿ ಕೂತು
ಬೇಲಿಯ ತೂತಿನಲ್ಲಿ ನುಸುಳಿ
ಹಿಕ್ಕೆಯಾಗಿ ಇಳಿದು ಹಿಕ್ಕೆಯಲ್ಲೇ ಮೊಳೆತು
ಈಗ ನದಿಯುದ್ದಕ್ಕೂ ನಿಂತು ಹೀರುತ್ತಿದೆ.

ಗಡಿಯ ಗೇಟಿನ ಬಳಿ ಶಾಮಿಯಾನ ಹಾಕಿ
ನಕ್ಷೆ ಬಿಡಿಸಿದರು. ಬಣ್ಣ ಮೂರು,
ಮೂರರ ಮೇಲೂ ಚೆಲ್ಲಿಕೊಂಡ ಒಂದೇ ನೀಲಿ ಕಲೆ.
ಅಣೆಕಟ್ಟು ಬೇಡ, ಪಂಪು ಬೇಡ, ಎಂದಳು ಎಂಜಿನಿಯರು,
ಜಾಲಿ ಕಡಿಯಿರಿ, ಮಳೆ ಇಂಗುವ ಗುಂಡಿಗಳ ಸುತ್ತ ಕಲ್ಲು ಜೋಡಿಸಿ,
ಮುಂದಿನದು ಹುಲ್ಲಿನ ಕೆಲಸ,
ಅದಕ್ಕೆ ದಾರಿ ಬಿಡಿ.

ಯುಸ್ಟಾಸ್ ಅಜ್ಜ ಎದ್ದು ನಿಂತ.
ಹುಲ್ಲೇ ಬಾರದ ವರ್ಷ ನನ್ನ ಮೇಕೆ
ಇದರ ಕಾಯಿ ತಿಂದು ಬದುಕಿತು.
ಆಗ ಎಲ್ಲಿತ್ತು ನಿಮ್ಮ ನಕ್ಷೆ?
ಯಾರಿಗೂ ಉತ್ತರ ಹೊಳೆಯಲಿಲ್ಲ.
ನನಗೆ ಈಗಲೂ.

ಮೂರು ಚಳಿಗಾಲ ಕಡಿದೆವು.
ಮುಳ್ಳು ಮುರಿದ ಬೆರಳು ಹಳದಿಯಾಗಿ ಬಾತು
ಎಷ್ಟೋ ರಾತ್ರಿ ಟೇಪಿನ ಲೆಕ್ಕ ಎಡಗೈಯಲ್ಲಿ ಬರೆದೆ.
ಕಡಿದದ್ದು ಇದ್ದಿಲಾಯಿತು, ಇದ್ದಿಲು ಹಿಟ್ಟಾಯಿತು.
ಒಂದೇ ಒಂದು ಮಳೆ ಬಂದು
ಗುಂಡಿಯ ಬಾಯಲ್ಲಿ ಮೂರು ಸುತ್ತು ತಿರುಗಿ
ನೆಲ ಗುಟುಕರಿಸಿದ ಸದ್ದು ಮಕ್ಕಳೂ ಕೇಳಿದರು.

ನನ್ನ ಟೇಪು ಮಾತ್ರ
ಮೂವತ್ತೊಂದೂ ಕಾಲು. ಮೂವತ್ತೊಂದೂ ಕಾಲು.
ಬೇಲಿಯಾಚೆಯಿಂದ ಓಂಕಬೆತ್ಸೆ
ಎರಡೂ ಕೈ ಎತ್ತಿ ಕೂಗಿದ: ನಾಲ್ಕು ಬೆರಳು ಏರಿದೆ!

ಬೆವರು ನಮ್ಮದು, ಬೆರಳು ಅವರದೋ
ಎಂದರು ಸಭೆಯಲ್ಲಿ. ಒಬ್ಬರೂ ನಗಲಿಲ್ಲ.
ನೀರು ನಡೆಯುತ್ತದೆ, ಒತ್ತಡ ಓಡುತ್ತದೆ,
ಸಾಲಿನ ಈ ತುದಿಯಲ್ಲಿ ತಳ್ಳಿದರೆ
ಆ ತುದಿಯವನು ಮುಗ್ಗರಿಸುವಂತೆ, ಎಂದಳು ಎಂಜಿನಿಯರು.
ತಳ್ಳಿದವರ ಭುಜ ನೋಯುತ್ತಿತ್ತು.
ಮರುವಾರ ಕೊಡಲಿಗಳು ಗೋಡೆಗೊರಗಿದವು.

ಜೂನ್ ತಿಂಗಳ ಒಂದು ಮುಂಜಾನೆ, ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿತ್ತು.
ಗೇಟಿನಲ್ಲಿ ಓಂಕಬೆತ್ಸೆ, ಹಿಂದೆ ಹದಿನಾಲ್ಕು ಜನ,
ಹದಿನೈದು ಕೊಡಲಿ.
ಪೊಲೀಸು ಫಾರಂ ಕೊಟ್ಟ: ಭೇಟಿಯ ಉದ್ದೇಶ?
ಯೋಚಿಸಿ ಬರೆದ: ಬೇರು.

ಅವರು ನಮ್ಮ ದಂಡೆಯಲ್ಲಿ ಕಡಿಯುತ್ತಿರುವಾಗ
ನಾನು ಗೇಟು ದಾಟಿ ಅವನ ಬಾವಿಗೆ ಹೋದೆ.
ಅವತ್ತು ಗುರುವಾರ; ಯಾರಾದರೂ ಅಳೆಯಬೇಕಲ್ಲ.
ಅಲ್ಲಿಯ ಟಪ್ ಸ್ವಲ್ಪ ದಪ್ಪ.
ಉಪ್ಪುನೀರಿನ ದನಿ ಹಾಗೇ ಇರಬಹುದು,
ಇಲ್ಲವೇ ನನ್ನ ಕಿವಿಗೆ ಹೊಸತು.

ವಾಪಸು ಬಂದಾಗ ಹದಿನೈದೂ ಜನ
ಯುಸ್ಟಾಸ್ ಅಜ್ಜನ ಅಂಗಳದಲ್ಲಿ, ಅವನದೇ ಜಾಲಿಯಡಿಯಲ್ಲಿ,
ಅವನೇ ಕಾಸಿದ ಚಹಾ ಕುಡಿಯುತ್ತಿದ್ದರು.
ಕೊಡಲಿಗಳನ್ನು ಅದರ ಬೊಡ್ಡೆಗೇ ಒರಗಿಸಿದ್ದರು.
ಆ ಮರವನ್ನು ಯಾರೂ ಮುಟ್ಟಲಿಲ್ಲ, ಮಾತೂ ಎತ್ತಲಿಲ್ಲ.
ಕುಡಿಯಲಿ ಅದು ಕುಡಿಯುವಷ್ಟು:
ನನ್ನ ಲೆಕ್ಕದ ಪುಸ್ತಕದಲ್ಲಿ
ಅದಕ್ಕೂ ಒಂದು ಗೆರೆ ಎಳೆದಿದ್ದೇನೆ.