ಹಡಗು ಕಂಡಿಲ್ಲ

ಪುಟಕ್ಕೆ ನಲವತ್ತು ರೂಪಾಯಿಯಂತೆ
ಕಾಸರಗೋಡಿನ ದಫ್ತರದ ಕೋಣೆಯಲ್ಲಿ ಕೂತು
ಹಳೆಯ ಕನ್ನಡ ಕಡತವೊಂದನ್ನು
ಮಲಯಾಳಕ್ಕೆ ಇಳಿಸುತ್ತಿದ್ದೇನೆ.
ಮೊಗ್ರಾಲು ಅಳಿವೆಯ ಕೋಟೆ, ಕಾವಲಿನ ದಿನಚರಿ.
ಬರೆದವನು ಉಪೇಂದ್ರ ಶ್ಯಾನುಭಾಗ, ಸಂಬಳ ಏಳು ರೂಪಾಯಿ.
ಅಕ್ಷರ ದುಂಡಗಿದೆ; ಶಾಯಿಗೆ ಈಗ
ಅಂಗಿಗೆ ಬಿದ್ದ ಗೇರುಹಣ್ಣಿನ ಕಲೆಯ ಬಣ್ಣ.

ಮೊದಲ ಸಾಲು: ಹಡಗು ಕಂಡಿಲ್ಲ.
ಮರುದಿನ: ಹಡಗು ಕಂಡಿಲ್ಲ.
ಆಟಿಯ ಮಳೆಯಲ್ಲಿ: ಕಡಲೇ ಕಂಡಿಲ್ಲ.

ಇಕ್ಕೇರಿಯವರು ಮುರಕಲ್ಲು ಕೆತ್ತಿ ಎಬ್ಬಿಸಿದ್ದು ಎನ್ನುತ್ತದೆ ಊರು.
ಅಲ್ಲ, ಭೂತಗಳು ಒಂದೇ ರಾತ್ರಿಯಲ್ಲಿ ಕಟ್ಟಿದ್ದು,
ಕೋಳಿ ಕೂಗಿದ್ದಕ್ಕೆ ಬಡಗಣ ಬುರುಜು ಅರ್ಧಕ್ಕೇ ನಿಂತಿದ್ದು
ಎನ್ನುತ್ತದೆ ಅಂದುಂಞಿಯ ಚಹಾದಂಗಡಿ.
ಶ್ಯಾನುಭಾಗನಿಗೆ ಎರಡೂ ಬೇಡ. ಅವನ ಲೆಕ್ಕ ಹೀಗೆ:
ಫಿರಂಗಿ ಐದು, ಒಂದಕ್ಕೆ ಕಿವಿಯಿಲ್ಲ.
ಇನ್ನೊಂದರ ಬಾಯೊಳಗೆ ಜೇನು, ಬಿಡಿಸಲು ಮೇಲಿನ ಅಪ್ಪಣೆ ಬೇಕು.
ಗುಂಡು ಮೂವತ್ತೊಂದು, ಯಾವುದೂ ಯಾವ ಬಾಯಿಗೂ ಹೊಂದದು.
ಮದ್ದು ಎರಡು ಪೀಪಾಯಿ, ಉಪ್ಪುಗಾಳಿಗೆ ಹೆಪ್ಪುಗಟ್ಟಿದೆ.
ದುರ್ಬೀನು ಒಂದು. ರಿಪೇರಿಗೆಂದು ಮಂಗಳೂರಿಗೆ ಹೋದದ್ದು ಬಂದಿಲ್ಲ.

ರಷ್ಯಾದವರು ಬರಬಹುದು, ಎಚ್ಚರ, ಎಂದು ಕಲೆಕ್ಟರರ ಹುಕುಮು.
ಯಾರವರು, ಎಂಥ ಬಾವುಟ, ಏನು ತಿನ್ನುತ್ತಾರೆ
ಎಂದು ಕಾವಲಿನ ಚಂದು ಕೇಳಿದ್ದಾನೆ.
ಶ್ಯಾನುಭಾಗ ಅಂಚಿನಲ್ಲಿ ಬರೆದಿದ್ದಾನೆ: ತಿಳಿಯದು, ಬಿಳಿಯರಂತೆ.
ಅದರ ಕೆಳಗೆ ಇನ್ನೂ ಸಣ್ಣಗೆ:
ಹಾಗಾದರೆ ಗುರುತು ಹಿಡಿಯುವುದು ಹೇಗೆ?

ಹಿಡಿಯುವುದೇನು ಬಂತು! ಎಂಬತ್ತೇಳರ ಜುಬಿಲಿಗೆ
ಒಂದೇ ಒಂದು ಸಲ ಸಿಡಿಸಿದರು.
ಮೂರನೆಯ ಫಿರಂಗಿ ಸೀಳಿತು. ಚಂದುವಿನ ಎಡಗಿವಿ ಹೋಯಿತು.
ಖರ್ಚಿನ ಬಾಬ್ತು: ಮದ್ದು ಮೂರು ಸೇರು, ಬತ್ತಿ ಒಂದು ಮೊಳ,
ಜನರಿಗೆ ಹಂಚಿದ ಬೆಲ್ಲ ಹತ್ತು ಅಚ್ಚು.
ಕಿವಿಗೆ ಕಲಮಿಲ್ಲ.
ಅವನ ಹೆಂಡತಿ ಉಂಬಿಚ್ಚಿ ಕಚೇರಿಯ ಮೆಟ್ಟಿಲಲ್ಲಿ ಕೂತವಳು
ನಾಲ್ಕು ದಿನ ಏಳಲಿಲ್ಲ. ಐದನೆಯ ದಿನ
ಬೆಲ್ಲದ ಬಾಬ್ತಿಗೆ ಎರಡು ರೂಪಾಯಿ ಹೆಚ್ಚಾಗಿ ಸೇರಿದೆ.
ದುಂಡಗಿನ ಅಕ್ಷರ ಅಲ್ಲಿ ಮಾತ್ರ ನಡುಗಿದೆ.
ಶ್ಯಾನುಭಾಗರೇ, ಈ ಸುಳ್ಳನ್ನು
ಒಂದು ಕಾಸೂ ಕಡಿಮೆಯಾಗದಂತೆ ಇಳಿಸಿದ್ದೇನೆ.

ಆಮೇಲೆ ಕೋಟೆಯ ಕದ ಹರಾಜಾಯಿತು. ಪಾಗಾರದ ಕಲ್ಲು
ಯಾರ್ಯಾರದೋ ಬಾವಿಕಟ್ಟೆಗೆ ಹೋಯಿತು.
ಉಳಿದ ಫಿರಂಗಿಗಳನ್ನು ಕಡವಿನ ಕೆಸರಿಗೆ ತಲೆಕೆಳಗಾಗಿ ನೆಟ್ಟರು,
ಬಂಗುಡೆ ದೋಣಿಯ ಹಗ್ಗ ಸುತ್ತಲು.
ಎರಡು ಈಗಲೂ ಇವೆ, ನೋಡಿ ಬಂದೆ.
ಹಗ್ಗ ಉಜ್ಜಿ ಉಜ್ಜಿ ನಡುವೊಂದು ಹೊಳೆಯುವ ಕೊರಳು ಬಂದಿದೆ.
ಅದರ ಮೇಲೆ ಕುಕ್ಕರಗಾಲಲ್ಲಿ ಕೂತ ಹುಡುಗನೊಬ್ಬ
ಗಾಳಕ್ಕೆ ಎರೆ ಸಿಕ್ಕಿಸುತ್ತ,
ಸರಿಯಿರಿ, ನೆರಳು ಬೀಳುತ್ತದೆ, ಎಂದ.

ಕೊನೆಯಿಂದ ಮೂರನೆಯ ಪುಟದಲ್ಲಿ ಸಿಕ್ಕಿಕೊಂಡಿದ್ದೇನೆ.
ಬೆಳಿಗ್ಗೆ ಹಡಗು ಕಂಡಿತು. ದೊಡ್ಡದು. ಹೊಗೆ ಇತ್ತು.
ನಮ್ಮದೇ.

ಕನ್ನಡಕ್ಕೆ ಇರುವುದು ಒಂದೇ ನಮ್ಮದು,
ಹೊಸ್ತಿಲಲ್ಲಿ ನಿಂತು
ಬಂದವರನ್ನು ಒಳಗೆ ಕರೆದಂತೆಯೂ ಕರೆಯದಂತೆಯೂ.
ಮಲಯಾಳ ಬಿಡುವುದಿಲ್ಲ: ಯಾವ ನಮ್ಮದು?
ಕೇಳುವ ನೀನೂ ಸೇರಿದ ನಮ್ಮುಡೆಯೋ,
ನಿನ್ನನ್ನು ಹೊರಗಿಟ್ಟ ಞಙ್ಙಳುಡೆಯೋ?
ಅಜ್ಜಿಯ ತುಳುವೂ ಹೀಗೇ ಅಡ್ಡಗಟ್ಟಿ ಕೇಳುತ್ತಿತ್ತು.
ಏಳು ರೂಪಾಯಿಯವನ ನಮ್ಮದೇ,
ಕಿವಿ ಕೊಟ್ಟವನ ನಮ್ಮದೇ, ರಾಣಿಯ ನಮ್ಮದೇ:
ಇವರಲ್ಲಿ ಯಾರು ಯಾರಿಗೆ ಹೇಳಿದ್ದು?

ಪುಟದ ದುಡ್ಡು ಹೇಗೂ ಸಿಗುತ್ತದೆ.
ಅಷ್ಟು ಜಾಗ ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋದೆ:
ಹಡಗು ನಿಲ್ಲದೆ ತೆಂಕಕ್ಕೆ ಹೋಯಿತು.
ಚಂದು ಬಹಳ ಹೊತ್ತು ಕೈ ಬೀಸಿದನು.